ವಾಲ್ ಚಾವಿಯೂ ಕೊನೆಯ ನಾಲ್ಕು ಪುಟಗಳೂ

ಅಧಿಕಾರ ಕೈಗೆ ಸಿಗದ ಮನುಷ್ಯನಷ್ಟು ನ್ಯಾಯವಂತ ಇನ್ನೊಬ್ಬನಿಲ್ಲ. ಇದನ್ನು ನಾನು ಅನುಭವದ ಮೇಲೆ ಹೇಳುತ್ತಿದ್ದೇನೆ. ನಲವತ್ತಾರು ವರ್ಷ ನಾನೂ ಅಂಥ ನ್ಯಾಯವಂತನಾಗಿದ್ದೆ. ಗಜೇಂದ್ರಗಡದ ಒಂದು ಹೈಸ್ಕೂಲಿನಲ್ಲಿ ನಾನು ಡ್ರಾಯಿಂಗ್ ಮಾಸ್ತರ. ಡ್ರಾಯಿಂಗಿನಲ್ಲಿ ನಪಾಸಾದ ಹುಡುಗ ಭೂಮಂಡಲದಲ್ಲೇ ಇಲ್ಲವಾದ್ದರಿಂದ, ನನ್ನನ್ನು ಕಂಡು ಹೆದರಿದ ಹುಡುಗನೂ ಇಲ್ಲ. ಗಣಿತದ ಮಾಸ್ತರರನ್ನು ಕಂಡರೆ ಮಕ್ಕಳು ಸೈಕಲ್ಲಿನಿಂದ ಇಳಿಯುತ್ತಾರೆ, ನನ್ನನ್ನು ಕಂಡರೆ ಗಂಟೆ ಬಾರಿಸಿ ದಾರಿ ಕೇಳುತ್ತಾರೆ. ಪರೀಕ್ಷೆ ಹತ್ತಿರ ಬಂದಾಗ ನನ್ನ ಪಿರಿಯಡ್ಡನ್ನು ಯಾರು ಬೇಕಾದರೂ ಎತ್ತಿಕೊಂಡು ಹೋಗಬಹುದು, ನನ್ನನ್ನು ಕೇಳುವ ಪದ್ಧತಿಯೂ ಇಲ್ಲ. ಮನೆಯಲ್ಲಿ ಟೀವಿ ರಿಮೋಟು, ತಿಜೋರಿ ಚಾವಿ ಎರಡೂ ಹೆಂಡತಿ ಸುಮಿತ್ರಾಳ ಬಳಿ. ನನ್ನ ಪಾಲಿಗೆ ಇದ್ದದ್ದು ಸಂಜೆ ಸೊಳ್ಳೆಬತ್ತಿ ಹಚ್ಚುವ ಅಧಿಕಾರ ಒಂದೇ. ಹೀಗಾಗಿ ಚಹಾದಂಗಡಿಯ ಬೆಂಚಿನ ಮೇಲೆ ಕುಳಿತು ಕಲೆಕ್ಟರರಿಂದ ಹಿಡಿದು ಮಂತ್ರಿಗಳವರೆಗೆ ಯಾರು ಎಲ್ಲಿ ತಪ್ಪಿದರು, ನಾನಾಗಿದ್ದರೆ ಏನು ಮಾಡುತ್ತಿದ್ದೆ ಎಂದು ದಿನಾ ಹೇಳುತ್ತಿದ್ದೆ. ಕೇಳುವವರು ಕಡಿಮೆಯಿದ್ದರೂ ಹೇಳುವುದಕ್ಕೆ ಕಡಿಮೆ ಮಾಡಲಿಲ್ಲ.

ಇಂಥ ಮನುಷ್ಯನಿಗೆ ಶಕ್ತಿವಂತರ ಕಾದಂಬರಿಗಳ ಚಟ ಹತ್ತಿದ್ದರಲ್ಲಿ ಆಶ್ಚರ್ಯವೇನಿಲ್ಲ. ನಮ್ಮೂರ ಬಸ್‌ಸ್ಟ್ಯಾಂಡಿನ ಎದುರು ಖಾದರಸಾಬರು ಒಂದು ಗೂಡಂಗಡಿಯಲ್ಲಿ ಪುಸ್ತಕಗಳನ್ನು ಬಾಡಿಗೆಗೆ ಕೊಡುತ್ತಿದ್ದರು. ಅದರಲ್ಲಿ ಏಳು ಜನ ವೀರರ ಒಂದು ಪಡೆಯ ಕಥೆ ಕಂತುಕಂತಾಗಿ ಬರುತ್ತಿತ್ತು, ಒಟ್ಟು ಹನ್ನೆರಡು ಭಾಗ. ಒಬ್ಬ ಗುಡ್ಡ ಎತ್ತುವವನು, ಒಬ್ಬ ಗಾಳಿಯಲ್ಲಿ ಕರಗುವವನು, ಒಬ್ಬಳು ಎದುರಿಗಿದ್ದವರ ಮನಸ್ಸು ಓದುವವಳು. ಈ ಕೊನೆಯ ಶಕ್ತಿ ನಮ್ಮ ಮನೆಯಲ್ಲೇ ಇದ್ದುದರಿಂದ ನನಗೆ ಅದರ ಮೇಲೆ ಹೆಚ್ಚು ಮೋಹವಿರಲಿಲ್ಲ. ನನ್ನ ಮೆಚ್ಚಿನವನೆಂದರೆ ಬರಿಗೈ ಎತ್ತಿ ನದಿಯನ್ನು ನಿಲ್ಲಿಸಬಲ್ಲವನು. ಈ ಏಳೂ ಜನ ಶತ್ರುವಿನ ಜೊತೆ ಹೊಡೆದಾಡಿದ್ದಕ್ಕಿಂತ ಹೆಚ್ಚಾಗಿ, ತಮ್ಮ ಶಕ್ತಿಯನ್ನು ಎಲ್ಲಿ ಬಳಸಬೇಕು, ಎಲ್ಲಿ ಬಳಸಬಾರದು ಎಂದು ತಮ್ಮತಮ್ಮಲ್ಲೇ ವಾದ ಮಾಡುತ್ತಿದ್ದರು. ಅಂಥ ಕಡೆ ನಾನು ಪೆನ್ಸಿಲ್ಲಿನಿಂದ ಅಡಿಗೆರೆ ಎಳೆಯುತ್ತಿದ್ದೆ. ಬಾಡಿಗೆ ಪುಸ್ತಕಕ್ಕೆ ಗೆರೆ ಎಳೆಯಬಾರದೆಂದು ಖಾದರಸಾಬರು ಎರಡು ಸಲ ಹೇಳಿದರು, ಮೂರನೆಯ ಸಲ ಪೆನ್ಸಿಲ್ಲನ್ನೇ ಇಸಿದುಕೊಂಡರು. ಅವರದೂ ಒಂದು ವ್ರತವಿತ್ತು: ತಾವು ಓದಿ ಮುಗಿಸದ ಪುಸ್ತಕವನ್ನು ಇನ್ನೊಬ್ಬರ ಕೈಗೆ ಕೊಡುತ್ತಿರಲಿಲ್ಲ. ಹನ್ನೆರಡನೆಯ ಭಾಗ ಇನ್ನೂ ಬಂದಿರಲಿಲ್ಲ.

ಈಗ ನೀರಿನ ವಿಷಯಕ್ಕೆ ಬರುತ್ತೇನೆ. ಆಗ ನಮ್ಮ ಕಡೆ ನಳಕ್ಕೆ ನೀರು ಬರುತ್ತಿದ್ದುದು ಎಂಟು ದಿನಕ್ಕೊಮ್ಮೆ. ನಮ್ಮದು ಕೆಳಗಿನ ಓಣಿ; ಕೋಟೆ ಗುಡ್ಡದ ಬುಡದಲ್ಲಿರುವುದು ಮೇಲಿನ ಓಣಿ. ಎರಡಕ್ಕೂ ಒಂದೇ ಪೈಪು. ಮುಂಜಾನೆ ಏಳರಿಂದ ಎಂಟು ನಮ್ಮ ಪಾಳಿ, ಎಂಟರಿಂದ ಒಂಬತ್ತು ಅವರ ಪಾಳಿ, ಅಷ್ಟು ಹೊತ್ತಿಗೆ ಊರ ನೀರಿನ ಟಾಕಿ ಬರಿದು. ನಮ್ಮ ಓಣಿಯ ಮೂಲೆಯ ಬೇವಿನ ಮರದ ಕೆಳಗೆ ಒಂದು ಗುಂಡಿ, ಅದರೊಳಗೆ ವಾಲ್. ಎಂಟು ಗಂಟೆಗೆ ಅದನ್ನು ತಿರುಗಿಸಿ ನಮ್ಮ ಕಡೆಯ ದಾರಿ ಮುಚ್ಚಿದರೆ ಮಾತ್ರ ನೀರು ಮೇಲಕ್ಕೆ ಏರುತ್ತದೆ. ಮುಚ್ಚದಿದ್ದರೆ ನೀರಿಗೇನು ಗುಡ್ಡ ಹತ್ತುವ ಹರಕೆಯೇ? ಈ ಕೆಲಸ ಮಾಡುತ್ತಿದ್ದವನು ಮಲ್ಲಪ್ಪ. ಅವನ ಹೊಲ ಲಕ್ಕಲಕಟ್ಟಿಯಲ್ಲಿ. ಒಳ್ಳೆ ಹದ ಬಂದಿದೆ, ಬಿತ್ತಿ ಬರುತ್ತೇನೆ, ಎರಡು ಪಾಳಿ ನೀವು ನೋಡಿಕೊಳ್ಳಿ ಎಂದು ಆ ಮಾರುದ್ದದ ಕಬ್ಬಿಣದ ವಾಲ್ ಚಾವಿಯನ್ನು ತಂದು ನಮ್ಮ ಪಡಸಾಲೆಗೆ ಒರಗಿಸಿದ. ಇಷ್ಟು ದೊಡ್ಡ ಊರಲ್ಲಿ ನನ್ನನ್ನೇ ಆರಿಸಿದನಲ್ಲ ಎಂದು ಎದ್ದು ನಿಂತು ಅಂಗಿ ಸರಿಮಾಡಿಕೊಂಡೆ. ಇಂಥ ಹೊಣೆಗೆ ನಾನು ಯೋಗ್ಯನೇ ಎಂದು ವಿನಯದಿಂದ ಕೇಳಿದೆ.

"ಇದರಾಗ ಬುದ್ಧಿ ಏನೂ ಬೇಕಾಗಿಲ್ರಿ ಮಾಸ್ತರ್ರ," ಎಂದ ಮಲ್ಲಪ್ಪ. "ಎಂಟಕ್ಕ ತಿರುವಿ ಬಂದ್ ಮಾಡೂದು, ಅಷ್ಟ. ಅದಕ್ಕ ನಿಮ್ಮ ಕಡೆ ಕೊಡಾಕತ್ತೀನಿ."

ಮೊದಲನೆಯ ಪಾಳಿಯ ಹೊತ್ತಿಗೆ ಊರಿನಲ್ಲಿ ನನ್ನ ಬೆಲೆಯೇ ಬದಲಾಗಿತ್ತು. ಇಷ್ಟು ದಿನ ಬರಿ ಮಾಸ್ತರ ಎನ್ನುತ್ತಿದ್ದವರು ಗೌರವ ಕೂಡಿಸಿ ಮಾಸ್ತರ್ರ ಎಂದರು. ಚಹಾದಂಗಡಿಯವನು ಕೇಳದೇ ಒಂದು ಮಿರ್ಚಿ ಭಜಿ ಹೆಚ್ಚು ಇಟ್ಟ. ನಾನು ಅದನ್ನು ಎಲ್ಲರಿಗೂ ಕಾಣುವಂತೆ ಬದಿಗೆ ಸರಿಸಿದೆ. ಮನೆಯಲ್ಲಿ ಸುಮಿತ್ರಾಳನ್ನು ಕೂರಿಸಿ, ಚಾವಿ ನಮ್ಮ ಮನೆಯಲ್ಲಿದೆ ಎಂದು ಒಂದು ತಂಬಿಗೆ ನೀರನ್ನೂ ಹೆಚ್ಚಿಗೆ ನಿರೀಕ್ಷಿಸಬೇಡ, ಶಕ್ತಿ ಇರುವುದು ಇನ್ನೊಬ್ಬರಿಗಾಗಿ ಎಂದು ಉಪದೇಶ ಮಾಡಿದೆ. ಅವಳು ಅಕ್ಕಿ ಆರಿಸುತ್ತ, ಎಂಟಕ್ಕೆ ತಿರುಗಿಸಲು ನೆನಪಾದರೆ ಸಾಕು ಎಂದಳು. ಅಂದು ನಾನು ರೇಡಿಯೋ ಹಚ್ಚಿ ಗಡಿಯಾರ ಸರಿಮಾಡಿಕೊಂಡು, ಎಂಟು ಹೊಡೆಯುತ್ತಲೇ ವಾಲ್ ತಿರುಗಿಸಿದೆ. ಓಣಿಯ ಕೊನೆಯ ಮನೆಯವರ ಕೊಡ ಅರ್ಧಕ್ಕೇ ನಿಂತಿತು. ಎರಡು ನಿಮಿಷ ಬಿಡಿರಿ ಎಂದು ಆ ಮುದುಕಮ್ಮ ಬೇಡಿಕೊಂಡರೂ ಬಿಡಲಿಲ್ಲ. ನದಿ ನಿಲ್ಲಿಸಿದವನ ಹಾಗೆ ಬಲಗೈ ಎತ್ತಿಕೊಂಡೇ ಮನೆಗೆ ಬಂದೆ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ನಾನು ಆ ವಾರವೆಲ್ಲ ಚಾವಿಯನ್ನು ಬಾಗಿಲಿಗೆ ಕಾಣುವಂತೆಯೇ ಇಟ್ಟಿದ್ದೆ.

ಎರಡನೆಯ ಪಾಳಿ ಭಾನುವಾರ ಬಂತು. ಹಿಂದಿನ ದಿನ ಸಂಜೆ ಖಾದರಸಾಬರು ಅಂಗಡಿಯಿಂದ ಕೈಮಾಡಿ ಕರೆದರು. ರೋಣದಿಂದ ಬಂದ ಬಸ್ಸಿನಲ್ಲಿ ಪುಸ್ತಕದ ಗಂಟು ಬಂದಿತ್ತು, ಅದರಲ್ಲಿ ಹನ್ನೆರಡನೆಯ ಭಾಗ. ಅವರ ಮನೆ ಮೇಲಿನ ಓಣಿಯಲ್ಲಿ. ಹೆಂಡತಿ ಮಾಬೂಬಿ ನೇಕಾರರಿಗೆ ನೂಲಿಗೆ ಬಣ್ಣ ಹಾಕಿ ಕೊಡುವವರು. ಒಂದು ಮದುವೆಗೆ ಹೇಳಿದ ಸೀರೆಗಳ ನೂಲು ಬಂದಿದೆ, ನಾಳೆ ಬೆಳಗ್ಗೆ ಬಣ್ಣಕ್ಕೆ ಅದ್ದುತ್ತಾಳೆ, ಅದ್ದಿದ ನೂಲನ್ನು ಆಗಲೇ ಹರಿಯುವ ನೀರಲ್ಲಿ ತೊಳೆಯದಿದ್ದರೆ ಬಣ್ಣ ಅಲ್ಲಲ್ಲಿ ಕಚ್ಚಿ ಕಲೆಯಾಗುತ್ತದೆ, ಹಾಗಾದರೆ ಆ ನೇಕಾರ ಮತ್ತೆ ನಮ್ಮ ಹೊಸ್ತಿಲು ತುಳಿಯುವುದಿಲ್ಲ, ಆದ್ದರಿಂದ ಎಂಟಕ್ಕೆ ಮರೆಯಬೇಡಿ ಎಂದರು. ಹಾಗೆನ್ನುತ್ತಲೇ, ತಾವಿನ್ನೂ ಬಿಚ್ಚಿಯೂ ನೋಡದ ಪುಸ್ತಕವನ್ನು ನನ್ನ ಕೈಗಿಟ್ಟರು. ಮಿರ್ಚಿಯನ್ನು ಸರಿಸಿದ ಕೈ ಅದನ್ನು ಸರಿಸಲಿಲ್ಲ. ಇದು ಲಂಚವಲ್ಲ, ಸಾಹಿತ್ಯ ಎಂದು ದಾರಿಯುದ್ದಕ್ಕೂ ನನಗೆ ನಾನೇ ಹೇಳಿಕೊಂಡೆ.

ಭಾನುವಾರ ಏಳಕ್ಕೆ ನೀರು ಬಂತು. ನಾನು ಚಾವಿಯನ್ನು ವಾಲ್‌ಗೆ ಸಿಕ್ಕಿಸಿ, ಗುಂಡಿಯ ಬದಿಯ ಕಲ್ಲಿನ ಮೇಲೆ ಕುಳಿತು ಪುಸ್ತಕ ತೆರೆದೆ. ಕಥೆ ತುದಿಗೆ ಬಂದಿತ್ತು. ಮೇಲಿನ ಊರಿಗೆ ಬೆಂಕಿ ಬಿದ್ದಿದೆ, ಕೆಳಗಿನ ಊರು ಬಾಯಾರಿದೆ, ಇರುವುದು ಒಂದೇ ನದಿ. ನನ್ನ ವೀರ ನಡುವೆ ನಿಂತು ಕೈ ಎತ್ತಿದ್ದಾನೆ. ಉಳಿದ ಆರೂ ಜನ ಅವನ ಸುತ್ತ ನಿಂತು, ಶಕ್ತಿಯುಳ್ಳವನ ಧರ್ಮ ಏನೆಂದು ಪುಟಗಟ್ಟಲೆ ಮಾತಾಡುತ್ತಿದ್ದಾರೆ. ಎಂಥ ಮಾತು! ಪೆನ್ಸಿಲ್ ಇಲ್ಲವಲ್ಲ ಎಂದು ಚಡಪಡಿಸಿದೆ. ನಡುವೆ ಒಂದೆರಡು ಸಲ ತಲೆಯೆತ್ತಿದಾಗ ಓಣಿಯ ಹೆಂಗಸರು ನನ್ನನ್ನು ನೋಡಿ ಹಿಂದೆಂದೂ ಇಲ್ಲದ ಪ್ರೀತಿಯಿಂದ ನಗುತ್ತಿದ್ದರು. ಹೋದ ವಾರ ಅರ್ಧ ಕೊಡಕ್ಕೆ ಶಾಪ ಹಾಕಿದ್ದ ಮುದುಕಮ್ಮ ದೂರದಿಂದಲೇ ನನಗೆ ದೃಷ್ಟಿ ತೆಗೆದು ನೆಟಿಗೆ ಮುರಿದಳು. ಜನ ಕೊನೆಗೂ ನನ್ನ ನ್ಯಾಯವನ್ನು ಅರ್ಥಮಾಡಿಕೊಂಡರು ಎಂದುಕೊಂಡು ಮತ್ತೆ ಪುಟ ತಿರುವಿದೆ.

ಇನ್ನು ನಾಲ್ಕೇ ಪುಟ ಉಳಿದಿದ್ದಾಗ ಓದುವ ಹಾಳೆಯ ಮೇಲೆ ಯಾರದೋ ನೆರಳು ಬಿತ್ತು. ನೋಡಿದರೆ ಮಾಬೂಬಿ. ಎರಡೂ ಕೈ ಮೊಣಕೈವರೆಗೆ ನೀಲಿ. ಗುಡ್ಡದ ಬದಿಯಿಂದ ಬಿರಬಿರನೆ ಇಳಿದು ಬಂದು ಏದುಸಿರು ಬಿಡುತ್ತಿದ್ದರು.

"ಮಾಸ್ತರ್ರ, ನಮ್ಮ ನಳಕ್ಕ ಬರೇ ಗಾಳಿ ಬರಾಕತ್ತೈತ್ರಿ," ಎಂದರು. "ನೂಲು ಬಣ್ಣದಾಗ ಕುಂತೈತಿ. ಈಗ ಬಂದೀತು, ಆಗ ಬಂದೀತು ಅಂತ ಕಾದ್ನಿ, ಈಗ ಒಂಬತ್ತೂಕಾಲು."

ನಾನು ಧಡಕ್ಕನೆ ಎದ್ದೆ. ಪುಸ್ತಕ ಗುಂಡಿಯಲ್ಲಿ ಸೋರಿ ನಿಂತಿದ್ದ ನೀರಿಗೆ ಬಿತ್ತು. ಓಣಿಯ ಗಟಾರ ತುಂಬಿ ಹರಿಯುತ್ತಿರುವುದು ನನಗೆ ಕಂಡದ್ದು ಆಗಲೇ. ಚಾವಿ ಹಿಡಿದು ಎರಡೂ ಕೈಯಿಂದ ತಿರುಗಿಸಿದೆ. ತಿರುಗಿತು, ಆದರೆ ಮೇಲಕ್ಕೆ ಕಳಿಸಲು ಟಾಕಿಯಲ್ಲಿ ನೀರೇ ಇರಲಿಲ್ಲ. ನಳಗಳೆಲ್ಲ ಒಮ್ಮೆ ಕೆಮ್ಮಿ ಸುಮ್ಮನಾದವು. ಮಾಬೂಬಿ ನನ್ನ ಮುಖ ನೋಡಿದರು, ಗುಂಡಿಯಲ್ಲಿ ತೇಲುತ್ತಿದ್ದ ಪುಸ್ತಕ ನೋಡಿದರು, ಅದು ತಮ್ಮ ಅಂಗಡಿಯದೇ ಎಂದು ಗುರುತು ಹಿಡಿದರು. ನನಗೆ ಆ ಗುಂಡಿಯೊಳಗೇ ಇಳಿದು ಮೇಲೆ ಕಲ್ಲು ಎಳೆದುಕೊಳ್ಳಬೇಕೆನಿಸಿತು.

ಓಡಿ ಮನೆಗೆ ಹೋದೆ. ಸುಮಿತ್ರಾ ಹಂಡೆ, ಡ್ರಮ್ಮು, ಬಕೆಟ್ಟು ಎಲ್ಲ ತುಂಬಿಸಿ, ದೇವರ ಮನೆಯ ಗಿಂಡಿಯನ್ನೂ ಬಿಡದೆ, ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತಿದ್ದಳು. ಮದುವೆಯಾಗಿ ಇಷ್ಟು ವರ್ಷಕ್ಕೆ ನನ್ನಿಂದ ಓಣಿಗೆ ಒಂದು ಉಪಕಾರವಾಯಿತು, ಬಾಯಲ್ಲಿ ಉಪದೇಶ ಮಾಡಿದರೂ ಒಳಗೆ ಹೆಂಡತಿಯ ಮೇಲೆ ಕರುಣೆಯಿದೆ ಎಂದು ಅವಳು ತಿಳಿದಿದ್ದಳಂತೆ. ನಾನು ತೊದಲುತ್ತ ಖರೆ ಸಂಗತಿ ಹೇಳಿದೆ. ಅವಳ ಮುಖದ ನಗು ಇಳಿಯುವುದನ್ನು ನೋಡುವುದು ಮಾಬೂಬಿಯ ಆ ನೋಟಕ್ಕಿಂತ ಕಷ್ಟವಾಯಿತು.

"ಹೇಳೂದು ಆಚಾರ, ತಿನ್ನೂದು ಬದನಿಕಾಯಿ," ಎಂದಳು. "ಕೊಡಾ ಎತ್ತರಿ."

ಎಂಟು ದಿನ ನೀರಿಲ್ಲದ ಊರಿನಲ್ಲಿ ತುಂಬಿದ ಕೊಡವನ್ನು ಇನ್ನೊಬ್ಬರಿಗೆ ಕೊಡುವುದೆಂದರೇನು ಎಂಬುದು ಅಲ್ಲಿ ಬಾಳಿದವರಿಗೇ ಗೊತ್ತು. ಸುಮಿತ್ರಾ ಹೊಸ್ತಿಲಿಂದ ಹೊಸ್ತಿಲಿಗೆ ಹೋಗಿ, ಇದು ಮೇಲಿನ ಓಣಿಯ ಪಾಳಿಯ ನೀರು, ನಮ್ಮದಲ್ಲ ಎಂದಳು. ಭಾಷಣ ಅಷ್ಟೇ. ಸ್ವಲ್ಪ ಗೊಣಗಾಟವಾಯಿತು, ಮೊದಲು ಹೊರಗೆ ಬಂದದ್ದು ಆ ಅರ್ಧ ಕೊಡದ ಮುದುಕಮ್ಮ. ಆಮೇಲೆ ಒಬ್ಬರ ಹಿಂದೆ ಒಬ್ಬರು ಹೆಂಗಸರು ತಲೆಯ ಮೇಲೊಂದು, ಸೊಂಟಕ್ಕೊಂದು ಕೊಡ ಹೊತ್ತು ಗುಡ್ಡದ ಬದಿಗೆ ಹತ್ತತೊಡಗಿದರು. ಯಾರು ಎಲ್ಲಿ ಸುರಿಯಬೇಕು, ಯಾರು ಯಾವ ನೂಲಿನ ಲಡಿ ಹಿಡಿದು ಜಾಲಿಸಬೇಕು ಎಂದು ಮಾಬೂಬಿ ಕೈಸನ್ನೆಯಲ್ಲೇ ಹೇಳುತ್ತಿದ್ದರು. ಹನ್ನೆರಡು ಭಾಗ ಓದಿದರೂ ಅಂಥ ಪಡೆಯನ್ನು ನಾನು ಕಂಡಿರಲಿಲ್ಲ. ನನಗೆ ಎರಡನೆಯ ಸುತ್ತಿಗೇ ಎದೆ ಬಡಿದುಕೊಂಡು, ತಲೆಯ ಮೇಲಿನ ಕೊಡ ಅಂಗಿಯ ಮೇಲೆಯೇ ಖಾಲಿಯಾಗತೊಡಗಿತು. ಹೆಂಗಸರು ಅದನ್ನು ಇಸಿದುಕೊಂಡು ನನ್ನ ಕೈಗೆ ಒಂದು ತಂಬಿಗೆ ಕೊಟ್ಟರು. ಆಮೇಲೆ ತಂಬಿಗೆಯೂ ಬೇಡ, ದಾರಿಯಲ್ಲಿ ಅಡ್ಡ ನಿಲ್ಲದಿದ್ದರೆ ಸಾಕು ಎಂದರು.

ಮುಕ್ಕಾಲು ಪಾಲು ನೂಲು ಉಳಿಯಿತು. ಮಿಕ್ಕ ಲಡಿಗಳಲ್ಲಿ ಅಲ್ಲಲ್ಲಿ ನೀಲಿ ಕಪ್ಪಾಗಿ ಕಚ್ಚಿತ್ತು. ಮಾಬೂಬಿ ಒಂದು ಲಡಿಯನ್ನು ಬಿಸಿಲಿಗೆ ಹಿಡಿದು, ನೀವು ಬಣ್ಣದ ಮಾಸ್ತರರಲ್ಲವೇ, ಈ ಬಣ್ಣಕ್ಕೆ ಏನೆನ್ನುತ್ತಾರೆ ಎಂದು ಕೇಳಿದರು. ಇಪ್ಪತ್ತು ವರ್ಷ ಬಣ್ಣ ಕಲಿಸಿದ ನಾನು, ನೇಕಾರರ ಮನೆ ಎಲ್ಲಿದೆ ಎಂದು ಕೇಳಿದೆ. ಮರುದಿನ ನೇಕಾರರ ಮನೆಗೆ ನಾನೇ ಹೋಗಿ, ತಪ್ಪು ಬಣ್ಣ ಹಾಕಿದವರದಲ್ಲ, ನನ್ನದು ಎಂದು ಒಪ್ಪಿಕೊಂಡೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, ನಿಮ್ಮ ಕೈಗೆ ಚಾವಿ ಕೊಟ್ಟವರಾರು ಎಂದರು. ಪುಣ್ಯಕ್ಕೆ ಮಾಬೂಬಿಗೆ ಕೆಲಸ ತಪ್ಪಲಿಲ್ಲ. ಮಲ್ಲಪ್ಪ ಬಿತ್ತಿ ಬಂದವನು ವಿಷಯ ಕೇಳಿ, ತಪ್ಪು ತನ್ನದೇ, ಬುದ್ಧಿ ಬೇಕಾಗಿಲ್ಲ ಎಂದು ಹೇಳಬಾರದಿತ್ತು ಎಂದು ಚಾವಿ ಎತ್ತಿಕೊಂಡು ಹೋದ. ಪಡಸಾಲೆಯ ಆ ಮೂಲೆ ಬಹಳ ದಿನ ಬಣಬಣ ಎನ್ನುತ್ತಿತ್ತು.

ಗುಂಡಿಯಿಂದ ತೆಗೆದ ಪುಸ್ತಕವನ್ನು ಮಾಳಿಗೆಯ ಮೇಲೆ ಮೂರು ದಿನ ಒಣಗಿಸಿದೆ. ಅದು ಉಬ್ಬಿ ರೊಟ್ಟಿಯಂತಾಗಿತ್ತು. ಕೊನೆಯ ನಾಲ್ಕು ಪುಟಗಳು ಮಾತ್ರ ಒಂದಕ್ಕೊಂದು ಅಂಟಿ, ಬಿಡಿಸಹೋದರೆ ಹಿಟ್ಟಾಗುತ್ತಿದ್ದವು. ಊರಿಗೆ ಬಂದದ್ದು ಅದೊಂದೇ ಪ್ರತಿ. ಶಕ್ತಿಯನ್ನು ಹೇಗೆ ಬಳಸಬೇಕೆಂದು ಹನ್ನೊಂದೂಮುಕ್ಕಾಲು ಭಾಗ ವಾದ ಮಾಡಿ ಕೊನೆಗೆ ಏನು ತೀರ್ಮಾನವಾಯಿತೆಂಬುದು ಹೀಗೆ ನನ್ನಿಂದಾಗಿ ಇಡೀ ಗಜೇಂದ್ರಗಡಕ್ಕೆ ತಿಳಿಯದೇ ಹೋಯಿತು. ಪುಸ್ತಕ ಹಿಡಿದು ತಲೆ ತಗ್ಗಿಸಿ ಖಾದರಸಾಬರ ಅಂಗಡಿಗೆ ಹೋದೆ. ಅವರು ಅದನ್ನು ಅತ್ತಿತ್ತ ತಿರುಗಿಸಿದರು, ಅಂಟಿದ ಪುಟಗಳನ್ನು ಉಗುರಿನಿಂದ ಕೆರೆದು ನೋಡಿದರು. ಹೊಸ ಕಂತನ್ನು ತಾವೇ ಮೊದಲು ಓದುವ ವ್ರತವನ್ನು ಅವರು ಮುರಿದದ್ದು ಅದೊಂದೇ ಸಲ.

"ಕಡೀಕ ಏನಾತ್ರಿ ಮಾಸ್ತರ್ರ? ಅಂವ ನೀರು ಯಾವ ಊರಿಗಿ ಬಿಟ್ಟಾ?"

ಓದಿಲ್ಲ ಎನ್ನಲು ಮನಸ್ಸು ಬರಲಿಲ್ಲ. ಅವರಿಗೆ ಅಷ್ಟಾದರೂ ಕೊಡಬೇಕಿತ್ತು. "ಕೆಳಗಿನ ಊರಿನ ದಾರಿ ಮುಚ್ಚಿ, ಮೇಲಿನ ಊರಿಗಿ ಬಿಟ್ಟನ್ರಿ," ಎಂದೆ.

ಖಾದರಸಾಬರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. "ಹೊತ್ತಿಗಿ ಸರಿಯಾಗಿ ಬಿಟ್ಟನೇನ್ರಿ?"

"ಅದು ತೊಯ್ದ ಪುಟದಾಗ ಇತ್ರಿ," ಎಂದೆ.