ರಷ್ಯನ್ ಬಲ್ಲ ಡಾಕ್ಟರರಿಗೆ, ಭರಮಮ್ಮನ ನೋವಿನ ಬಗ್ಗೆ

ನಮ್ಮ ಹೋಬಳಿಯ ಸರಕಾರಿ ಆಸ್ಪತ್ರೆಯ ಏಕೈಕ ಕುರ್ಚಿಯನ್ನು ಅಲಂಕರಿಸಿರುವ ಮಾನ್ಯ ಡಾಕ್ಟರ್ ಸಾಹೇಬರಿಗೆ, ಸಮಸ್ತ ರೋಗಿಗಳ ಪರವಾಗಿ ಕೆಮ್ಮುಸಹಿತ ನಮಸ್ಕಾರಗಳು.

ನಮ್ಮ ಅತ್ತಿಗೆ ಭರಮಮ್ಮನಿಗೆ, ಅವಳ ಕಾಯಿಲೆ ಏನೆಂದು ತಿಳಿಯದೆಯೇ ತಾವು ಮೂರು ಸಲ ತಲೆನೋವಿನ ಗುಳಿಗೆ ಕೊಟ್ಟು ಕಳಿಸಿದ್ದೀರಿ. ಇದು ಅನ್ಯಾಯ. ಇದಿಷ್ಟನ್ನು ಹೇಳಿ ಮುಗಿಸಿದ್ದೇನೆ. ಇನ್ನು ಮುಂದಿನದೆಲ್ಲ ಮರ್ಯಾದೆಯ ಮಾತು.

ಬೇರೆ ರಾಜ್ಯದವರಾದ ತಾವು ಇಲ್ಲಿಗೆ ಬಂದ ಮೂರೇ ವರ್ಷಗಳಲ್ಲಿ 'ಬಾಯಿ ತೆಗಿ', 'ಉಸಿರು ಎಳಿ', 'ನಾಳೆ ಬಾ' ಎಂಬಷ್ಟು ಕನ್ನಡವನ್ನು ವಶಪಡಿಸಿಕೊಂಡಿದ್ದೀರಿ. ಅದರಲ್ಲೂ ಕೊನೆಯದರ ಉಚ್ಚಾರ ಎಷ್ಟು ಶುದ್ಧವೆಂದರೆ, ಅದನ್ನೇ ಹೇಳುತ್ತ ಕೂದಲು ನರೆತ ಕಚೇರಿ ಗುಮಾಸ್ತರೂ ತಮ್ಮಲ್ಲಿ ಪಾಠ ಹೇಳಿಸಿಕೊಳ್ಳಬೇಕು.

ಕಳೆದ ಆಗಸ್ಟ್ ಹದಿನೈದರಂದು ಶಾಲೆಯಲ್ಲಿ ತಾವು ಇಂಗ್ಲಿಷಿನಲ್ಲಿ ಮಾಡಿದ, ಹೆಡ್‌ಮಾಸ್ತರರು ಕನ್ನಡದಲ್ಲಿ ತಿಳಿಸಿದ ಭಾಷಣವನ್ನು ನಾನು ಮೊದಲ ಸಾಲಿನಲ್ಲಿ ಕೂತು ಕೇಳಿದೆ. ಡಾಕ್ಟರಿಕೆ ಓದಲು ರಷ್ಯಾಕ್ಕೆ ಹೋದಾಗ ಅಲ್ಲಿಯ ಭಾಷೆ ಬಾರದೆ ತಾವು ಕಂಬಳಿ ಹೊದ್ದು ಅತ್ತಿರಂತೆ. ತಾವು ಬೆರಳು ತೋರಿಸಿದರೆ ರೊಟ್ಟಿ ಅಂಗಡಿಯ ಹೆಂಗಸು ಒಲ್ಲೆನೆಂದು, ಬಾಯಿಬಿಟ್ಟು ಕೇಳುವ ತನಕ ರೊಟ್ಟಿ ಕೊಡುತ್ತಿರಲಿಲ್ಲವಂತೆ. ಹೀಗಾಗಿ ಚಳಿಗಾಲ ಮುಗಿಯುವುದರೊಳಗೆ ರಷ್ಯನ್ ಬಂದುಬಿಟ್ಟಿತಂತೆ. ಆ ದೇಶದ ಬಗ್ಗೆ ನಾನೂ ಕೊಟ್ಟೂರಿನಲ್ಲಿ ಸಿಕ್ಕ ಕಿರುಹೊತ್ತಗೆಗಳನ್ನು ಓದಿದ್ದೇನೆ. ಕ್ರಾಂತಿ ಮಾಡಿದವರ ಹೆಸರುಗಳೆಲ್ಲ ಅವುಗಳಲ್ಲಿವೆ, ಈ ಹೆಂಗಸಿನ ಹೆಸರೊಂದು ಬಿಟ್ಟುಹೋಗಿದೆ.

ಅಂದಮೇಲೆ ತಪ್ಪು ತಮ್ಮದಲ್ಲ, ನಮ್ಮದು. ತಾವು ಬಂದ ದಿನದಿಂದ ಹಾಲು, ನೀರು, ಬಿಸಿರೊಟ್ಟಿ ಎಲ್ಲವೂ ಕೇಳುವ ಮೊದಲೇ ತಮ್ಮ ಬಾಗಿಲಿಗೆ ಬಂದವು. "ಪಾಪ, ಸಾಹೇಬ್ರು ಪರದೇಶಿ ಅದಾರ, ಅವ್ರ ಬಾಯಿಗೆ ತ್ರಾಸ ಕೊಡಬ್ಯಾಡ್ರಲೇ" ಎಂದು ಹಾಲಿನ ಚೌಡಣ್ಣ ಊರಿಗೆಲ್ಲ ಹೇಳಿಟ್ಟ. ಹೀಗೆ ಉಪಚಾರ ಮಾಡಿ ಮಾಡಿ ಒಬ್ಬ ವಿದ್ಯಾವಂತರನ್ನು ಮೂಗರನ್ನಾಗಿ ಮಾಡಿದ ಕೀರ್ತಿ ನಮ್ಮೂರಿನದು.

ತಮ್ಮ ಕಿವಿಯೂ ನಾಲಿಗೆಯೂ ಆಗಿರುವ ಕಾಂಪೌಂಡರ್ ಪಾಲಾಕ್ಷಪ್ಪನವರು ಒಳ್ಳೆಯವರೇ. ಆದರೆ ಅವರು ನಮ್ಮ ದೊಡ್ಡಪ್ಪನ ಮಗ, ಅತ್ತಿಗೆಗೆ ಭಾವ. ನಮ್ಮ ಕುರಿ ಕಾಯುವ ಮನೆತನಗಳಲ್ಲಿ ಹೆಂಗಸರು ಭಾವನ ಎದುರು ತಲೆಯ ಸೆರಗು ಸರಿಸುವುದಿಲ್ಲ. ಮೈಯ ಸಂಗತಿಯನ್ನು ಬಾಯಿಬಿಟ್ಟು ಹೇಳುವುದು ದೂರದ ಮಾತು. "ಏನಾಗೈತಿ ಹೇಳವ್ವಾ ತಂಗಿ" ಎಂದು ಅವರು ಕೇಳಿದಾಗಲೆಲ್ಲ ಅವಳು ನೆಲ ನೋಡಿಕೊಂಡು "ತಲಿನೋವ್ರಿ" ಎಂದಿದ್ದಾಳೆ. ಮನೆಗೆ ಬಂದು ಅವ್ವನೆದುರು ಅತ್ತಳು: "ಭಾವನ ಮುಂದ ಹೆಂಗ ಹೇಳ್ಲಿ ಅತ್ತಿ? ಡಾಕ್ಟ್ರು ಹೊರಗಿನವ್ರು, ಅವ್ರೊಬ್ರ ಇದ್ದಿದ್ರ ಹೇಳ್ತಿದ್ದೆ."

ಈಗ ಅವಳು ಕೊಡ ಎತ್ತಲಾರಳು, ಗೋಡೆ ಹಿಡಿದು ನಡೆಯುತ್ತಾಳೆ. "ನನ್ನ ಹೆಸರು ಹಾಕು ಮೈದುನ, ಕಾಯಿಲಿ ಹೆಸರು ಕೇಳಬ್ಯಾಡ" ಎಂದು ಅವಳೇ ಅಪ್ಪಣೆ ಕೊಟ್ಟಿದ್ದರಿಂದ ಬರೆಯುತ್ತಿದ್ದೇನೆ. ಆ ನೋವು ಯಾವುದೆಂದು ನನಗೆ ಗೊತ್ತಿಲ್ಲ, ಗೊತ್ತಾಗಲೂ ಬೇಕಿಲ್ಲ. ಗೊತ್ತಾಗಬೇಕಾದವರು ತಾವು.

ಕನ್ನಡ ಕಠಿಣವೆಂದು ತಾವು ಭಾವಿಸುವುದಾದರೆ ಬೇರೆ ದಾರಿಗಳಿವೆ. ಕೂಡ್ಲಿಗಿಯಿಂದ ಹಡಗಲಿಯವರೆಗಿನ ಜ್ವರಗಳಿಗೆಲ್ಲ ಇಂಗ್ಲಿಷ್ ಕಲಿಸುವ ರಾತ್ರಿಶಾಲೆಯೊಂದನ್ನು ಮಂಜೂರು ಮಾಡಿಸಿ. ಕೂಸುಗಳು ಡಾಕ್ಟರರಿಗೆ ತಿಳಿಯುವ ಭಾಷೆಯಲ್ಲೇ ಅಳತಕ್ಕದ್ದೆಂದು ಆದೇಶ ತನ್ನಿ. ಅದೂ ಆಗದಿದ್ದರೆ, ಈ ಭಾಗದ ಹೆಂಗಸರಿಗೆ ನೋವು ಬರುವುದೇ ಇದ್ದಲ್ಲಿ ತಲೆಯಲ್ಲಿ ಮಾತ್ರ ಬರುವಂತೆ ಮೇಲಧಿಕಾರಿಗಳಿಗೆ ಶಿಫಾರಸು ಮಾಡಿ. ಇವೆಲ್ಲಕ್ಕಿಂತ 'ಎಲ್ಲಿ ನೋವು ತಾಯಿ? ಯಾವಾಗಿನಿಂದ?' ಎಂದು ಕೇಳಲು, ಅವಳ ಉತ್ತರ ತಿಳಿಯಲು ಬೇಕಾಗುವಷ್ಟು ಮಾತು ಸುಲಭವೆಂದು ತಮಗೆ ತೋರಿದರೆ, ಚೌಡಣ್ಣ ಹಾಲಿನ ಜೊತೆಗೆ ಅದನ್ನೂ ತಂದುಕೊಡುತ್ತಾನೆ. ಈ ಸಲ ಮಾತ್ರ ತಾವು ಬಾಯಿಬಿಟ್ಟು ಕೇಳಬೇಕು.

ತಮ್ಮ ನಾಲಿಗೆಯ ಮೇಲೆ ಇನ್ನೂ ವಿಶ್ವಾಸವಿಟ್ಟಿರುವ,
ದೊಡ್ಡಬೀರಪ್ಪ

ತಾ.ಕ.: ಕನ್ನಡದಲ್ಲಿರುವ ಈ ಪತ್ರವನ್ನು ತಮಗೆ ಓದಿ ಹೇಳುವವರೂ ಪಾಲಾಕ್ಷಪ್ಪನವರೇ ಎಂಬುದು ನನಗೆ ಗೊತ್ತಿದೆ. ಆದ್ದರಿಂದ ಅಣ್ಣಾ, ಉಳಿದದ್ದನ್ನು ನಿನಗೆ ತೋಚಿದಂತೆ ಮೆತ್ತಗೆ ಮಾಡಿ ಹೇಳು, ಇದೊಂದನ್ನು ಇದ್ದ ಹಾಗೆಯೇ ಇಂಗ್ಲಿಷಿಗೆ ಹಾಕು: ಬರುವ ಮಂಗಳವಾರ ಬೆಳಿಗ್ಗೆ ಹತ್ತು ಗಂಟೆಗೆ ಭರಮಮ್ಮ ಅವ್ವನ ಜೊತೆ ಆಸ್ಪತ್ರೆಗೆ ಬರುತ್ತಾಳೆ, ಆಗ ನೀನು ಹೊರಗಿರಬೇಕು.