ಕೌಜಲಗಿಯವರ ಚಳಿಗಾವಲ

“ಇನ್ನ ಮ್ಯಾಲೆ ಈ ಸಂಧ್ಯಾನಿವಾಸದಾಗ ಯಾರೂ ಥಂಡೀಲೆ ನಡಗೂದಿಲ್ಲ!” ಎಂದು ಬಸಲಿಂಗಪ್ಪ ಕೌಜಲಗಿಯವರು ನಸುಕಿನಲ್ಲೇ ವೃದ್ಧಾಶ್ರಮದ ಹಜಾರದಲ್ಲಿ ನೆರೆದವರಿಗೆ ಘೋಷಿಸಿ, ಯಂತ್ರದ ಮೇಲಿದ್ದ ಬೆಡ್‌ಶೀಟನ್ನು ಸರಕ್ಕನೆ ಎಳೆದರು. ಅವರ ಪತ್ನಿ ಸುಗಂಧವ್ವ ಹಲ್ಲು ಕಚ್ಚಿದರು. ಬೆಡ್‌ಶೀಟು ಹೊಸದು, ಈಗ ಗ್ರೀಸುಮಯ!

ನಾಲ್ಕು ಗಾಲಿ, ಎರಡು ಉದ್ದನೆಯ ಕೈ, ಬೆನ್ನ ಮೇಲೆ ಬಿಸಿತಂತಿ ನೇಯ್ದ ಕಂಬಳಿಗಳ ರಾಶಿ. ಬೆಳಗಾವಿಯ ಫೌಂಡ್ರಿಯಲ್ಲಿ ಆಯುಷ್ಯ ಸವೆಸಿದ ಕೌಜಲಗಿಯವರು ಅದಕ್ಕೆ ‘ಚಳಿಗಾವಲ’ ಎಂದು ನಾಮಕರಣ ಮಾಡಿದ್ದರು. ನಡುಗುವ ವೃದ್ಧರನ್ನು ತಾನಾಗಿ ಗುರುತಿಸಿ, ಹೊದಿಸಿ, ಬೆಚ್ಚಗಿಡುವುದು ಅದರ ಕರ್ತವ್ಯ.

ಅದು ಗೆಲ್ಲಲೇಬೇಕಿತ್ತು. ಹಿಂದಿನ ವಾರ ಇಬ್ಬನಿಗೆ ನೆನೆದ ಮೆಟ್ಟಿಲ ಮೇಲೆ ಒಬ್ಬರು ಜಾರಿದ್ದರು. ಇನ್ನೊಬ್ಬರಿಗೆ ಚಳಿಯಿಂದ ಎದೆ ಕಟ್ಟಿತ್ತು. ವ್ಯವಸ್ಥಾಪಕ ಮಠಪತಿಯವರು ಹೊರಬಾಗಿಲಿಗೆ ಕೀಲಿ ಜಡಿದು, “ಯುಗಾದಿತನಕ ಮುಂಜಾನಿ ವಾಕಿಂಗ್ ಬಂದ್!” ಎಂದುಬಿಟ್ಟಿದ್ದರು. ಸುಗಂಧವ್ವನವರಿಗೆ ಆ ವಾಕಿಂಗೇ ಜೀವ. ನಗೆಕೂಟದ ಗೆಳತಿಯರೊಡನೆ ದಿಬ್ಬ ಹತ್ತಿ, ಸೂರ್ಯನನ್ನು ಕಂಡು, ಊರವರ ಸೊಸೆಯಂದಿರನ್ನೆಲ್ಲ ವಿಚಾರಿಸಿಕೊಂಡು ಬಂದರೆ ಮಾತ್ರ ಅವರಿಗೆ ಚಹಾ ರುಚಿಸುತ್ತಿತ್ತು. ಯಂತ್ರ ಸರಿಹೋದರೆ ಕೀಲಿ ತೆಗೆಯುವುದಾಗಿ ಮಠಪತಿಯವರು ಮಾತು ಕೊಟ್ಟಿದ್ದರು. ಎಂದೂ ನಗದ ಮನುಷ್ಯ; ಆದರೆ ಮಾತಿಗೆ ತಪ್ಪುವವರಲ್ಲ.

ಕೌಜಲಗಿಯವರು ತಾವೇ ಗಡಗಡ ನಡುಗಿ ತೋರಿಸಿದರು. ಯಂತ್ರ ಉರುಳಿ ಬಂದು ಅವರನ್ನು ಮೂಗಿನವರೆಗೆ ಸುತ್ತಿ, ಅಂಚು ಮಡಚಿ, ಬೆನ್ನು ತಟ್ಟಿತು. ಚಪ್ಪಾಳೆ! ಮಠಪತಿಯವರ ಕೈ ಕೀಲಿ ಇದ್ದ ಕಿಸೆಯತ್ತ ಹೊರಟಿತು.

“ಏ ಕೌಜಲಗಿ, ಬಾಣಂತಿ ಆದಿ ನೋಡು!” ಎಂದು ನಿವೃತ್ತ ಸುಭೇದಾರ ಘೋರ್ಪಡೆಯವರು ಹೊಟ್ಟೆ ಕುಣಿಸಿ ನಕ್ಕರು.

ಯಂತ್ರ ಗಿರ್ರನೆ ತಿರುಗಿ ಅವರನ್ನೂ ಸುತ್ತಿತು!

“ಏ ಬಿಡಲೇ! ನನಗ ಥಂಡಿ ಇಲ್ಲ, ನಾ ನಗಾಕತ್ತೇನಿ!”

ಅದನ್ನು ಕಂಡು ನಕ್ಕ ಇಬ್ಬರಿಗೂ ಕಂಬಳಿ ಬಿತ್ತು.

“ರೀ, ನಡಗೂದು ಹೆಂಗಿರತದ ಅಂತ ಅದಕ್ಕ ಯಾರು ಕಲಿಸಿದ್ರು?” ಸುಗಂಧವ್ವ ಗಂಡನ ಕಿವಿಯ ಬಳಿ ಗದರಿದರು.

“ನಿಮ್ಮ ನಗೆಕೂಟದವರ! ನಡಗ್ರಿ ಅಂದೆ, ನಡಗಿದ್ರು. ಯಂತ್ರ ನೋಡಿ ಕಲೀತು.”

“ಯಾವಾಗ, ಆ ಮಟಮಟ ಮಧ್ಯಾಹ್ನದಾಗೇನು?”

“ಮತ್ತ ಥಂಡಿ ಬರೂತನಕ ಕಾಯಲೇನು?”

“ಬಿಸಲಾಗ ನಿಂತು ನಡಗ್ರಿ ಅಂದ್ರ ನಗು ಬರದ ಇರತದೇನ್ರಿ? ಹೊಟ್ಟಿ ಹಿಡಕೊಂಡು ನಕ್ಕಿದ್ವಿ ನಾವು!”

“ಅದಕ್ಕ… ಭಾಳ ಚೊಲೋ ನಡಗಿದ್ರಿ ಅಂದ್ಕೊಂಡೆ.”

“ಬಂದ್ ಮಾಡ್ರಿ ಅದನ್ನ!”

“ಗುಂಡಿ ನನ್ನ ಕೈಗಷ್ಟ ಕೇಳತದಲ್ಲ! ಕೈ ಕಂಬಳ್ಯಾಗ ಅದಾವ!”

“ಯಾರೂ ನಗಬ್ಯಾಡ್ರಿ!” ಎಂದು ಸುಗಂಧವ್ವ ಕೂಗಿದರು. ನಗಬಾರದೆಂದ ಮೇಲೆ ನಗೆಕೂಟದವರಿಗೆ ತಡೆದುಕೊಳ್ಳಲಾದೀತೆ? ತುಟಿ ಕಚ್ಚಿದವರು ಇನ್ನಷ್ಟು ಕುಲುಕಿದರು. ಕಂಬಳಿ ಮುಗಿಯಿತು, ಮೇಜಿನ ಬಟ್ಟೆ ಹೋಯಿತು, ಕಿಟಕಿಯ ಪರದೆಯೂ ಹೋಯಿತು!

“ಶಿಸ್ತು! ಶಿಸ್ತು!” ಎನ್ನುತ್ತ ಮಠಪತಿಯವರು ಮುಂದೆ ಬಂದರು. ಹಾಸಿಗೆಯ ಸುರುಳಿಯಂತೆ ಬಿದ್ದಿದ್ದ ಸುಭೇದಾರರು, ಕೈ ಸಿಗದೆ, ಹುಬ್ಬು ಹಾರಿಸಿಯೇ ಸಲ್ಯೂಟ್ ಹೊಡೆದರು. ಮಠಪತಿಯವರ ಮೀಸೆ ಅದುರಿತು. ವರ್ಷಗಟ್ಟಲೆ ಕೂಡಿಟ್ಟ ನಗು ಕುಕ್ಕರಿನ ಸೀಟಿಯಂತೆ ಹೊರಬಿತ್ತು!

ಇಷ್ಟು ಭಾರೀ ನಡುಕವನ್ನು ಯಂತ್ರ ಕಂಡಿರಲಿಲ್ಲ. ಪ್ರಾಣಾಪಾಯವೆಂದೇ ಎಣಿಸಿ, ಎಲ್ಲರ ಕಂಬಳಿಗಳನ್ನೂ ಕಿತ್ತು ಮಠಪತಿಯವರೊಬ್ಬರ ಮೇಲೆಯೇ ಹೇರಿತು. ಆ ಭಾರ ಎತ್ತಿ ಅದರ ಕೈಗಳೇ ಕಂಪಿಸತೊಡಗಿದವು. ಗಾಜಿನ ಬಾಗಿಲಲ್ಲಿ ತನ್ನ ನಡುಕವನ್ನು ತಾನೇ ಕಂಡ ಚಳಿಗಾವಲ, ನೆಲದ ಜಮಖಾನೆ ಎಳೆದು ತನಗೇ ಹೊದ್ದುಕೊಂಡು, ಬೆನ್ನು ತಟ್ಟಿಕೊಂಡು, ಸ್ತಬ್ಧವಾಯಿತು!

“ಬೇಯಾಕತ್ತೇನಿ! ಬಾಗಲಾ ತಗೀರಿ!” ರಾಶಿ ಕೂಗಿತು.

“ಕೀಲಿ ಎಲ್ಲದ್ರಿ?”

“ಕಿಸೆದಾಗ!”

“ಕಿಸೆ ಎಲ್ಲದ್ರಿ?”

“ನನಗೇನ ಗೊತ್ತು! ಹುಡುಕ್ರಿ!”

ಸುಗಂಧವ್ವ ಭುಜದವರೆಗೆ ಕೈ ತೂರಿಸಿ ಕೀಲಿ ಎಳೆದರು. ಬಾಗಿಲ ಬಳಿ ನಿಂತು ಕೇಳಿದರು: “ವಾಕಿಂಗ್ ಚಾಲೂ ಅಂತೀರೇನು?”

“ಚಾಲೂ! ಮೊದಲ ತಗೀರವ್ವಾ!”

ಬಾಗಿಲು ತೆರೆಯಿತು. ತಂಗಾಳಿ ನುಗ್ಗಿತು. ದಿಬ್ಬದ ಮೇಲೆ ಬೆಳಕು ಮೂಡುತ್ತಿತ್ತು. ಬೆವರು ಒರೆಸಿಕೊಳ್ಳುತ್ತ ಎದ್ದ ಮಠಪತಿಯವರು ನಿಯಮ ಹೇಳಿದರು: “ಬೆಳಕ ಹರದ ಮ್ಯಾಲೆ. ಬೂಟು, ಸ್ವೆಟರು, ಕುಲಾಯಿ ಹಾಕ್ಕೊಂಡು. ಇಬ್ಬಿಬ್ಬರು ಕೈ ಹಿಡಕೊಂಡು. ಮೆಟ್ಟಲಕ್ಕ ಹಿಡಕೊಂಡು ಇಳ್ಯಾಕ ಕಟಾಂಜನ ನಾನ ಹಾಕಸ್ತೇನಿ.”

“ಮತ್ತ ನನ್ನ ಯಂತ್ರರೀ?” ಕೌಜಲಗಿಯವರು ಆಸೆಯಿಂದ ಕೇಳಿದರು.

ಮಠಪತಿಯವರು ಜಮಖಾನೆಯ ಗಂಟನ್ನು ಒಮ್ಮೆ ನೋಡಿದರು.

“ಅದು ಒಳಗ ಇರಲಿ. ಹೊರಗ ಅದಕ್ಕ ಥಂಡಿ ಆಗತದ.”