ಏಕಾದಶಿಯ ಪ್ರೇಕ್ಷಕರು

ಸುಘೋಷನ ಸಿನಿಮಾ ಮೊದಲ ಸಲ ತೋರಿಸಿದ ಭಾನುವಾರ ಟಿ. ನಗರದಲ್ಲಿ ಕಾಲಿಡಲು ಜಾಗವಿರಲಿಲ್ಲ. ಮನೆಯ ಹಜಾರ ತುಂಬಿ, ಬೀದಿ ತುಂಬಿ, ಜನರ ಸಾಲು ಎಗ್ಮೋರ್ ದಾಟಿತ್ತು. ಹಿಂದೆ ನಿಂತವರಿಗೆ ಸಂಭಾಷಣೆಯನ್ನು ಕಿವಿಯಿಂದ ಕಿವಿಗೆ ದಾಟಿಸಬೇಕಾಯಿತು. ಮೊದಲ ಮಾತು ಎಗ್ಮೋರ್ ತಲುಪುವಷ್ಟರಲ್ಲಿ ಇಲ್ಲಿ ಸಿನಿಮಾ ಮುಗಿದು ಚಾಪೆ ಸುತ್ತಿಟ್ಟಿದ್ದರು.

ಅಷ್ಟು ಜನರನ್ನೂ ಹಾಳು ಮಾಡಿದ್ದು ಒಂದು ಬಾಣಲೆ ಶಿರಾ.

ಸುಘೋಷ ಸಿನಿಮಾ ಓದುವ ಹುಡುಗ. ಮುಗಿಯುತ್ತ ಬಂದ ಚಿತ್ರವನ್ನು ನಾಲ್ಕು ಜನರಿಗೆ ತೋರಿಸಿ, ಅವರು ಎಲ್ಲಿ ಆಕಳಿಸುತ್ತಾರೋ ಅಲ್ಲಿ ಕತ್ತರಿ ಹಾಕಬೇಕೆಂಬುದು ಅವನ ಲೆಕ್ಕ. ಆದರೆ ತಾಯಿ ಜಯಲಕ್ಷ್ಮಮ್ಮ ಬಂದವರಿಗೆಲ್ಲ ಮೊದಲೇ ಶಿರಾ, ಉಪ್ಪಿಟ್ಟು, ಕಾಫಿ ಕೊಟ್ಟುಬಿಟ್ಟರು. ಉಂಡ ಮನೆಯಲ್ಲಿ ಯಾರು ಕೆಟ್ಟ ಮಾತು ಆಡುತ್ತಾರೆ? ಮೊದಲ ದೃಶ್ಯಕ್ಕೇ ನಿದ್ದೆ ಹೋಗಿದ್ದ ಪಕ್ಕದ ಮನೆಯ ಉಪೇಂದ್ರರಾಯರೂ ಎದ್ದು ಕೈ ಕುಲುಕಿದರು.

“ಬಹಳ ಚೆನ್ನಾಗಿತ್ತಪ್ಪಾ. ದ್ರಾಕ್ಷಿ ಮಾತ್ರ ಸ್ವಲ್ಪ ಕಮ್ಮಿ ಆಯ್ತು.”

ಇತ್ತ ವಿದ್ಯಾರ್ಥಿ ಚಿತ್ರೋತ್ಸವಕ್ಕೆ ಸಿನಿಮಾ ಕಳಿಸುವ ಕೊನೆಯ ದಿನ ಹತ್ತಿರ ಬಂದೇಬಿಟ್ಟಿತು. ಅಲ್ಲಿ ಆಯ್ಕೆಯಾದರೆ ಸುಘೋಷನ ಬಾಳು ಸಿನಿಮಾದಲ್ಲಿ; ಇಲ್ಲದಿದ್ದರೆ ತಂದೆ ಕಮಲಾಕರರು ತಂದಿಟ್ಟಿದ್ದ ಬ್ಯಾಂಕ್ ಪರೀಕ್ಷೆಯ ದಪ್ಪ ಪುಸ್ತಕದಲ್ಲಿ. ಜಗಳವಿದ್ದದ್ದು ಒಂದೇ ದೃಶ್ಯದ ಮೇಲೆ. ಹೆಂಡತಿಯನ್ನು ಕಳೆದುಕೊಂಡ ಮುದುಕನೊಬ್ಬ ಹೋಟೆಲಿನಲ್ಲಿ ಒಂಟಿಯಾಗಿ ಮಸಾಲೆ ದೋಸೆ ತಿನ್ನುತ್ತಾನೆ. ತಿನ್ನುತ್ತಲೇ ಇರುತ್ತಾನೆ.

“ಡೇಯ್, ರೊಂಬ ಉದ್ದ ಆಯ್ತು,” ಎಂದಿದ್ದಳು ಸಂಕಲನ ಮಾಡುವ, ತಮಿಳು ಬೆರೆಸಿ ಮಾತಾಡುವ ಗೆಳತಿ ತೃಪ್ತಿ. “ಅರ್ಧ ಕಟ್ ಮಾಡು. ನಿನ್ನ ಮುದುಕ ದೋಸೆ ತಿಂತಾನಾ, ಇಲ್ಲ ಕಾಯಂ ಆಗಿ ಅಲ್ಲೇ ಇರ್ತಾನಾ?”

“ಒಬ್ರಾದ್ರೂ ಅತ್ರೆ?”

“ಅತ್ರೆ ಇಡು. ನಾನು ವಾಯೇ ತೆರೆಯಲ್ಲ.”

ಆ ಕೊನೆಯ ದಿನ ಏಕಾದಶಿ ಎಂದು ಪಂಚಾಂಗದಲ್ಲಿ ಕಂಡದ್ದೇ ಸುಘೋಷ ಕುಣಿದಾಡಿದ. ಅಕ್ಕಪಕ್ಕದವರೆಲ್ಲ ಕಟ್ಟಾ ಉಪವಾಸದವರು. ಅಮ್ಮ ಏನನ್ನೂ ಕೊಡುವ ಹಾಗಿಲ್ಲ, ಅವರು ತಿನ್ನುವ ಹಾಗಿಲ್ಲ. ದಾಕ್ಷಿಣ್ಯಕ್ಕೆ ಎಡೆಯೇ ಇಲ್ಲ.

“ಬಂದೋರನ್ನ ಬರೀ ಬಾಯಲ್ಲಿ ಕಳಿಸೋದೇನೋ?” ಜಯಲಕ್ಷ್ಮಮ್ಮ ಕಂಗಾಲಾದರು. “ನಮ್ಮ ಮರ್ಯಾದೆ ಏನಾಗಬೇಕು?”

“ಮರ್ಯಾದೆ ಬಿಟ್ಟು ಮಾತಾಡೋರೇ ಬೇಕಮ್ಮಾ.”

ಮಧ್ಯಾಹ್ನ ಎಲ್ಲರೂ ಬಂದರು. ಹಸಿದ ಹೊಟ್ಟೆಗಳ ಗುಡುಗಿಗೆ ಕಿಟಕಿಯ ಗಾಜು ಅದುರುತ್ತಿತ್ತು. ಸಿನಿಮಾ ಶುರುವಾದದ್ದೇ ಉಪೇಂದ್ರರಾಯರು ಬಾಯಿಬಿಟ್ಟರು.

“ಏನಪ್ಪಾ, ಕ್ಯಾಮರಾ ಹಿಡಿದೋನಿಗೆ ಚಳಿಜ್ವರವಾ?”

“ಥ್ಯಾಂಕ್ಸ್ ಮಾಮಾ.”

“ಆ ಹುಡುಗಿ ಮಾತಾಡ್ತಾಳಾ, ಬಾಯಿ ಮುಕ್ಕಳಿಸ್ತಾಳಾ?” ಎಂದರು ಬ್ಯಾಂಕಿನಿಂದ ನಿವೃತ್ತರಾದ ಸುಮತಿ. “ಒಂದಕ್ಷರ ತಿಳೀಲಿಲ್ಲ.”

“ತುಂಬಾ ಉಪಕಾರ ಆಯ್ತು ಅತ್ತೆ. ಇನ್ನೂ ಬೈರಿ.”

ಒಂದೊಂದು ಬೈಗುಳಕ್ಕೂ ಅವನು ಪ್ರಸಾದ ತೆಗೆದುಕೊಳ್ಳುವವನಂತೆ ಕೈ ಒಡ್ಡುತ್ತಿದ್ದ. ಅಷ್ಟರಲ್ಲಿ ಆ ದೃಶ್ಯ ಬಂತು. ಕಾವಲಿ ಚುಂಯ್ ಎಂದಿತು. ಸುಮತಿಯವರ ಬೀಸಣಿಗೆ ಗಾಳಿಯಲ್ಲೇ ನಿಂತಿತು.

ಆಗ ಅತ್ತವರು ರಾಮದಾಸರು.

ಎದುರು ಮನೆಯ ರಾಮದಾಸರೆಂದರೆ ಸಾಮಾನ್ಯರಲ್ಲ. ರೈಲ್ವೆಯಲ್ಲಿ ಗಾರ್ಡ್ ಆಗಿದ್ದಾಗ ಅವರ ಒಂದು ನೋಟಕ್ಕೆ ಹೆದರಿ ಎಂಜಿನ್ನುಗಳು ಹಿಂದಕ್ಕೆ ಸರಿಯುತ್ತಿದ್ದವು. ಅವರಂಥ ರಸಿಕರು ಇತ್ತ ಬೆಸೆಂಟ್ ನಗರದಿಂದ ಅತ್ತ ಹಿಮಾಲಯದವರೆಗೆ ಇಲ್ಲ. ಮಗಳನ್ನು ಗಂಡನ ಮನೆಗೆ ಕಳಿಸುವಾಗಲೂ ಒದ್ದೆಯಾಗದ ಆ ಕಣ್ಣುಗಳಿಂದ ಈಗ ನೀರು ಕೋಡಿ ಹರಿಯಿತು. ನೆಲದ ಮೇಲೆ ಕೂತಿದ್ದ ಉಪೇಂದ್ರರಾಯರು ಪಂಚೆ ಎತ್ತಿಕೊಂಡು ಸೋಫಾ ಹತ್ತಿದರು.

“ಇನ್ನೊಂದ್ಸಲ ಹಾಕೋ ಮಗೂ,” ಎಂದರು ರಾಮದಾಸರು ಗದ್ಗದವಾಗಿ.

ಸುಘೋಷ ಅವರ ಕಾಲಿಗೆ ಅಡ್ಡಬಿದ್ದ. ಎದ್ದವನೇ ತೃಪ್ತಿಗೆ ಫೋನ್ ಮಾಡಿದ.

“ಅತ್ರು ಕಣೇ. ರಾಮದಾಸ ಮಾಮಾ ಅತ್ಬಿಟ್ರು.”

“ನಿಜಮಾ?”

“ಇನ್ನೊಂದ್ಸಲ ತೋರಿಸು ಅಂದ್ರು. ನಾವು ಮೊದಲು ಕತ್ತರಿಸಿ ತೆಗೆದಿದ್ದ ತುಂಡುಗಳೂ ಇದಾವಲ್ಲ, ಅವನ್ನೂ ಸೇರಿಸಿಬಿಡೋಣ.”

ತೃಪ್ತಿ ಕೊಟ್ಟ ಮಾತಿಗೆ ಕಟ್ಟುಬಿದ್ದು ತುಟಿ ಹೊಲಿದುಕೊಂಡಳು. ದೋಸೆ ಎರಡರಷ್ಟು ಉದ್ದವಾಯಿತು. ಚಿತ್ರದ ಮೊದಲಿಗೇ ಪರದೆ ತುಂಬ ‘ರಾಮದಾಸ ಮಾಮನವರಿಗೆ ಕೃತಜ್ಞತೆಗಳು’ ಎಂದು ಹಾಕಿ, ಸಂಜೆಯೊಳಗೆ ಚಿತ್ರೋತ್ಸವಕ್ಕೆ ಕಳಿಸಿಯೂ ಆಯಿತು. ಇನ್ನು ಒಂದು ಚುಕ್ಕೆಯನ್ನೂ ಬದಲಿಸುವ ಹಾಗಿಲ್ಲ.

ಆಮೇಲೆ ಅವನಿಗೆ ತಾನೂ ಬೆಳಗಿನಿಂದ ಏನೂ ತಿಂದಿಲ್ಲವೆಂಬುದು ನೆನಪಾಯಿತು. ಏಕಾದಶಿ ದಿನ ಹೋಟೆಲಿಗೆ ಹೋದದ್ದು ಅಮ್ಮನ ಕಿವಿಗೆ ಬೀಳಬಾರದಲ್ಲ, ಎರಡು ಬೀದಿ ಆಚೆಯ ಹೋಟೆಲಿಗೆ ನುಗ್ಗಿದ. ಒಳಗೆ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ರಾಮದಾಸರು ಕೂತಿದ್ದರು. ಮುಂದೆ ಮಸಾಲೆ ದೋಸೆ, ಎದುರಿಗೆ ಖಾಲಿ ಕುರ್ಚಿ, ಥೇಟ್ ಸಿನಿಮಾದ ಮುದುಕನ ಹಾಗೆ. ಸುಘೋಷ ಓಡಿ ಹೋಗಿ ಅವರ ಪಕ್ಕ ನಿಂತ.

“ಮಾಮಾ, ಆ ಸೀನ್ ಇಷ್ಟು ನಾಟಿತಾ ನಿಮಗೆ? ವ್ರತ ಬಿಟ್ಟು ಬಂದು ಅವನ ಹಾಗೇ ಕೂತಿದೀರಲ್ಲ. ಸಿನಿಮಾ ಮೊದಲಿಗೇ ಪರದೆ ತುಂಬ ನಿಮ್ಮ ಹೆಸರು ಹಾಕಿದೀನಿ. ಆದ್ರೂ ಈ ಋಣ ನಾನು ಹೇಗೆ ತೀರಿಸ್ಲಿ?”

ರಾಮದಾಸರು ಕರವಸ್ತ್ರ ತೆಗೆದು ಕಣ್ಣಿಗೆ ಒತ್ತಿಕೊಂಡರು. ಅಲ್ಲಿಗೆ ಎಲ್ಲ ಸುಸೂತ್ರವಾಗಿ ಮುಗಿಯುತ್ತಿತ್ತು. ಆದರೆ ಸರ್ವರ್ ಬಂದು ಇನ್ನೊಂದು ತಟ್ಟೆ ಇಟ್ಟ.

“ಸಾರ್, ಮೂರಾವದು ದೋಸೆ. ಇದಕ್ಕೂ ತುಪ್ಪ ಜಾಸ್ತಿ ಹಾಕಿದೆ.”

ಸುಘೋಷ ಖಾಲಿ ಕುರ್ಚಿಯಲ್ಲಿ ಕುಸಿದ.

“ಮಾಮಾ, ನಿಜ ಹೇಳಿ. ಮಧ್ಯಾಹ್ನ ಯಾಕೆ ಅತ್ರಿ?”

ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಆ ರಾಮದಾಸ ನಾನೇ. ಹುಡುಗ ನನ್ನ ಹೆಸರನ್ನು ಪರದೆ ತುಂಬ ಬರೆಸಿದ ಮೇಲೆ ಅವನೆದುರು ಇನ್ನೊಂದು ಸುಳ್ಳು ಹೇಳಲು ಬಾಯಿ ಬರಲಿಲ್ಲ. ಮುದುಕನಿಗೆ ಹೆಂಡತಿ ಇದ್ದಳೆಂಬುದೇ ನನಗೆ ಗೊತ್ತಾಗಿರಲಿಲ್ಲ. ನಾನು ಅವನ ಮುಖ ನೋಡಿದ್ದರೆ ತಾನೆ? ಬೆಳಗಿನಿಂದ ಖಾಲಿ ಹೊಟ್ಟೆಯಲ್ಲಿ ಕೂತವನ ಕಣ್ಣೆದುರಿಗೆ, ಆ ಪಾಪಿ ಅರ್ಧ ದೋಸೆಯನ್ನು ತಟ್ಟೆಯಲ್ಲೇ ಬಿಟ್ಟು ಕೈ ತೊಳೆಯಲು ಎದ್ದುಹೋದ. ಅದಕ್ಕೇ ಅತ್ತೆ.